ಕಿಟಕಿ ಮುಚ್ಚಿದರೂ ಸೆಟ್ಟಿಂಗ್ ಉಳಿಯಲಿ

ಪ್ರಶ್ನೆ: ಮೇಡಂ, ನಮ್ಮದು ರೇಷ್ಮೆ ನೂಲು ಬಿಚ್ಚಾಣಿಕೆ ಕೆಲಸ. ಗೂಡು ಕೊಂಡ ಲೆಕ್ಕವೆಲ್ಲ ಉಬುಂಟು (ವಿಂಡೋಸ್‌ನಂಥ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಇರುವ ಕಂಪ್ಯೂಟರಿನಲ್ಲಿದೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ‘ಗೂಡು’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಲೆಕ್ಕದ ಫೋಲ್ಡರಿಗೆ ಹೋಗುವಂತೆ ಏಲಿಯಾಸ್ (ಕಮಾಂಡಿಗೆ ಇಡುವ ಚಿಕ್ಕ ಹೆಸರು) ಕೊಟ್ಟೆ. ಕರೆಂಟ್ ಹೋಗಿ ಬಂದ ಮೇಲೆ ‘ಕಮಾಂಡ್ ನಾಟ್ ಫೌಂಡ್’ ಅಂತಿದೆ. ಅಕ್ಷರ ದೊಡ್ಡದು ಮಾಡಿದ್ದೂ ನಿಲ್ಲುತ್ತಿಲ್ಲ. ದಿನಾ ಹೊಸದಾಗಿ ಕೊಡಬೇಕಾ?
– ಓದುಗರು, ಶಿಡ್ಲಘಟ್ಟ

ಉತ್ತರ: ಬೇಡ, ಒಂದೇ ಸಲ ಸಾಕು. ನೀವು ಏಲಿಯಾಸ್ ಕೊಟ್ಟಿದ್ದು ಸರಿಯಾಗೇ ಇದೆ, ಆದರೆ ಅದನ್ನು ಎಲ್ಲೂ ಬರೆದಿಟ್ಟಿಲ್ಲ. ಟರ್ಮಿನಲ್‌ನಲ್ಲಿ ಹೊಡೆದ ಏಲಿಯಾಸ್ ಆ ಕಿಟಕಿ ತೆರೆದಿರುವವರೆಗೆ ಮಾತ್ರ ಇರುತ್ತದೆ. ಚಿಕ್ಕಬಳ್ಳಾಪುರದ ನನ್ನ ಕ್ಲಾಸಿನಲ್ಲೂ ಮಕ್ಕಳು ಮೊದಲು ಕೇಳುವುದು ಇದನ್ನೇ. 1978ರಲ್ಲಿ ಬಂದ ವಿಟಿ-100 ಎಂಬ ಟರ್ಮಿನಲ್ ಯಂತ್ರದಲ್ಲೂ ಹೀಗೇ ಇತ್ತು. ಸೆಟ್-ಅಪ್ ಕೀ ಒತ್ತಿ ಏನು ಬದಲಿಸಿದರೂ, ಶಿಫ್ಟ್ ಜೊತೆ ಎಸ್ ಒತ್ತಿ ಉಳಿಸದಿದ್ದರೆ ಆಫ್ ಮಾಡಿದಾಗ ಹೋಗುತ್ತಿತ್ತು.

ನಿಮ್ಮ ಹೋಮ್ ಫೋಲ್ಡರಿನಲ್ಲಿ ‘ಡಾಟ್ ಬ್ಯಾಶ್‌ಆರ್‌ಸಿ’ (.bashrc) ಎಂಬ ಫೈಲ್ ಇದೆ. ಹೊಸ ಟರ್ಮಿನಲ್ ತೆರೆದಾಗಲೆಲ್ಲ ಬ್ಯಾಶ್, ಅಂದರೆ ನೀವು ಹೊಡೆದ ಕಮಾಂಡ್ ನಡೆಸುವ ಪ್ರೋಗ್ರಾಂ, ಅದನ್ನು ಓದುತ್ತದೆ. ಮೊದಲು ಅದರದೊಂದು ಕಾಪಿ ಬೇರೆ ಹೆಸರಲ್ಲಿ ಇಟ್ಟುಕೊಳ್ಳಿ. ಆಮೇಲೆ ನ್ಯಾನೋದಲ್ಲಿ (ಟರ್ಮಿನಲ್ಲಿನೊಳಗೇ ಫೈಲ್ ತಿದ್ದುವ ಎಡಿಟರ್) ತೆರೆದು, ಕಟ್ಟಕಡೆಗೆ ಹೋಗಿ ಮೊದಲು ಕೊಟ್ಟಿದ್ದ ಅದೇ ಏಲಿಯಾಸ್ ಸಾಲು ಬರೆಯಿರಿ. ಈಕ್ವಲ್ ಗುರುತಿನ ಆಚೀಚೆ ಸ್ಪೇಸ್ ಬರಲೇಬಾರದು. ಕೊಟೇಶನ್ ಗುರುತು ನೆಟ್ಟಗಿರಬೇಕು. ಫೋನಿನಿಂದ ಕಾಪಿ ಮಾಡಿ ತಂದ ಸಾಲಿನಲ್ಲಿ ಅದು ಬಾಗಿರುತ್ತದೆ, ನೋಡಿದರೆ ಗೊತ್ತೇ ಆಗಲ್ಲ, ಆದರೆ ಬ್ಯಾಶ್ ಒಪ್ಪಲ್ಲ. ಹಾಗಾಗಿ ಕೈಯಲ್ಲೇ ಟೈಪ್ ಮಾಡಿ. ಕಂಟ್ರೋಲ್ ಜೊತೆ ಓ ಒತ್ತಿ. ಕೆಳಗೆ ಫೈಲಿನ ಹೆಸರು ಕೇಳುತ್ತದೆ, ಬದಲಿಸದೆ ಎಂಟರ್ ಒತ್ತಿ. ಕಂಟ್ರೋಲ್ ಜೊತೆ ಎಕ್ಸ್ ಒತ್ತಿದರೆ ಹೊರಗೆ ಬರುತ್ತೀರಿ. ಹೊಸ ಟರ್ಮಿನಲ್ ತೆರೆದು ‘ಗೂಡು’ ಹೊಡೆದು ನೋಡಿ.

ಕೆಲವರು ನ್ಯಾನೋ ತೆರೆಯದೆ ಎಕೋ (ಕೊಟ್ಟ ಸಾಲನ್ನು ಹಾಗೇ ಬರೆಯುವ) ಕಮಾಂಡಿನಿಂದಲೇ ಸಾಲು ಸೇರಿಸಲು ಹೇಳಿಕೊಡುತ್ತಾರೆ. ಅಲ್ಲಿ ಬಾಣದಂಥ ಗುರುತು (>) ಎರಡು ಇರಬೇಕು. ಒಂದೇ ಹಾಕಿದರೆ ಹಳೆಯದೆಲ್ಲ ಅಳಿಸಿ ನಿಮ್ಮ ಒಂದು ಸಾಲು ಮಾತ್ರ ಉಳಿಯುತ್ತದೆ. ನಮ್ಮ ಹುಡುಗನೊಬ್ಬನಿಗೆ ಹೀಗಾಗಿ ಟರ್ಮಿನಲ್ಲಿನ ಬಣ್ಣವೆಲ್ಲ ಹೋಯಿತು. ಕಂಪ್ಯೂಟರೇ ಕೆಟ್ಟಿತು ಅಂತ ಅತ್ತೇಬಿಟ್ಟ, ಪಾಪ. ಕೆಟ್ಟಿರಲಿಲ್ಲ. ಇಟಿಸಿ ಫೋಲ್ಡರಿನೊಳಗೆ ‘ಸ್ಕೆಲ್’ ಎಂಬ ಫೋಲ್ಡರ್ ಇದೆ, ಅಲ್ಲಿ ಉಬುಂಟು ಈ ಫೈಲಿನ ಮೂಲ ಪ್ರತಿ ಇಟ್ಟಿರುತ್ತದೆ. ಅದನ್ನು ಹೋಮ್ ಫೋಲ್ಡರಿಗೆ ಕಾಪಿ ಮಾಡಿಕೊಂಡ, ಎಲ್ಲ ವಾಪಸ್ ಬಂತು. ನಿಮಗೂ ಹಾಗಾದರೆ ಗಾಬರಿ ಬೇಡ. ನೀವು ಆಮೇಲೆ ಸೇರಿಸಿದ ಸಾಲುಗಳು ಮಾತ್ರ ಮೂಲ ಪ್ರತಿಯಲ್ಲಿ ಇರಲ್ಲ, ಅದಕ್ಕೇ ನಿಮ್ಮದೇ ಒಂದು ಕಾಪಿ ಇಟ್ಟುಕೊಳ್ಳಿ ಅಂದದ್ದು.

ಇನ್ನು ಅಕ್ಷರದ ವಿಷಯ. ಕಂಟ್ರೋಲ್ ಜೊತೆ ಪ್ಲಸ್ ಒತ್ತಿದ್ದು ಆ ಕಿಟಕಿಗಷ್ಟೇ. ಟರ್ಮಿನಲ್ ಮೆನುವಿನಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ, ನಿಮ್ಮ ಪ್ರೊಫೈಲಿನಲ್ಲಿ ಕಸ್ಟಮ್ ಫಾಂಟ್‌ಗೆ ಟಿಕ್ ಹಾಕಿ ಸೈಜ್ ಹೆಚ್ಚಿಸಿ. ಅಲ್ಲಿ ಸೇವ್ ಬಟನ್ ಹುಡುಕಬೇಡಿ, ಬದಲಿಸಿದ ಕೂಡಲೇ ತಾನಾಗೇ ಉಳಿಯುತ್ತದೆ.

ಮುಂದೆ ಯಾವತ್ತಾದರೂ ಉಬುಂಟು ಹೊಸದಾಗಿ ಹಾಕಿಸುವಾಗ ಲೆಕ್ಕದ ಫೋಲ್ಡರ್ ಜೊತೆ ಈ ಫೈಲನ್ನೂ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಹೆಸರು ಡಾಟ್‌ನಿಂದ ಶುರುವಾಗುವ ಫೈಲ್ ಸುಮ್ನೆ ಫೋಲ್ಡರ್ ತೆರೆದರೆ ಕಾಣಿಸಲ್ಲ. ಕಂಟ್ರೋಲ್ ಜೊತೆ ಎಚ್ ಒತ್ತಿ, ಆಗ ಕಾಣಿಸುತ್ತದೆ.