ಎಂಬತ್ತಮೂರು ನಿಮಿಷಗಳ ಶೋಕ

ಪ್ರಶ್ನೆ: ನಾನು ಗದಗಿನವನು, ವಯಸ್ಸು 27. ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತೇನೆ. ಒಂಬತ್ತು ತಿಂಗಳ ಹಿಂದೆ ನನ್ನ ಒಬ್ಬನೇ ತಮ್ಮ ಬೈಕ್ ಅಪಘಾತದಲ್ಲಿ ತೀರಿಕೊಂಡ. ಮಣ್ಣು ಮಾಡಿದ ದಿನವೂ ನನಗೆ ಅಳು ಬರಲಿಲ್ಲ. ಈಗ ರಾತ್ರಿ ಕೋಣೆಯಲ್ಲಿ ಬೆಲ್ ವಿಚ್ ಎಂಬ ಅಮೆರಿಕದ ತಂಡದ ‘ಮಿರರ್ ರೀಪರ್’ ಎಂಬ ಫ್ಯೂನರಲ್ ಡೂಮ್ ಮೆಟಲ್ (ಶವಯಾತ್ರೆಯಷ್ಟು ನಿಧಾನವಾದ, ಭಾರವಾದ ರಾಕ್ ಸಂಗೀತ) ಆಲ್ಬಂ ಕೇಳುವಾಗ ಮಾತ್ರ ಕಣ್ಣು ತುಂಬುತ್ತವೆ. ಅವ್ವ ಒಮ್ಮೆ ಬಾಗಿಲಾಚೆಯಿಂದ ಅದನ್ನು ಕೇಳಿ, “ಮನ್ಯಾಗ ಹೆಣದ ಮುಂದಿನ ಹಾಡು ಯಾಕ ಹಚ್ಚತಿ?” ಎಂದು ಅತ್ತಳು. ವರ್ಷದೊಳಗೆ ಮಂಗಳಕಾರ್ಯ ಆಗಬೇಕೆಂದು ಹಾವೇರಿಯಲ್ಲಿ ಹೆಣ್ಣು ಗೊತ್ತು ಮಾಡುತ್ತಿದ್ದಾರೆ. ನನ್ನ ಮನಸ್ಸು ಕೆಟ್ಟಿದೆಯೇ? ಇದನ್ನು ಬಿಡಬೇಕೇ? ಹುಡುಗಿಗೆ ಹೇಳಬೇಕೇ?
– ಹೆಸರು ಬೇಡ, ಗದಗ

ಉತ್ತರ: ನಿಮ್ಮ ಮನಸ್ಸು ಕೆಟ್ಟಿಲ್ಲ. ಆಲ್ಬಂ ಬಿಡಬೇಕೆಂದೂ ನಾನು ಹೇಳುವುದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಸಂಗೀತವಲ್ಲ, ಮುಚ್ಚಿದ ಬಾಗಿಲು. ಅದರ ಒಳಗೆ ನೀವೊಬ್ಬರೇ, ಹೊರಗೆ ಅವ್ವ ಒಬ್ಬರೇ, ಇಬ್ಬರೂ ಒಬ್ಬನಿಗಾಗಿಯೇ ಅಳುತ್ತಿದ್ದೀರಿ.

ನಿಮ್ಮ ಪತ್ರ ಬಂದ ಮೇಲೆ ನಾನು ಆ ಆಲ್ಬಂ ಅನ್ನು ಪೂರ್ತಿ ಕೇಳಿದೆ. 2017ರಲ್ಲಿ ಬಂದ ಅದರಲ್ಲಿರುವುದು ಒಂದೇ ಹಾಡು, 83 ನಿಮಿಷಗಳದ್ದು. ಗಿಟಾರ್ ಇಲ್ಲವೇ ಇಲ್ಲ. ಬಾಸ್ ಎಂಬ ಕೆಳದನಿಯ ತಂತಿವಾದ್ಯ, ಡ್ರಮ್ಸ್, ಆರ್ಗನ್ ಮತ್ತು ಕಂಠ, ಅಷ್ಟೇ. ಡ್ರಮ್ಮಿನ ಒಂದು ಪೆಟ್ಟು ಬಿದ್ದ ಮೇಲೆ ಇನ್ನೊಂದು ಎಷ್ಟು ಹೊತ್ತಿಗೆ ಬೀಳುತ್ತದೆಯೆಂದರೆ, ಅಷ್ಟರಲ್ಲಿ ಬಾಸ್ ತಂತಿಯ ನಾದ ಸಣ್ಣಗಾಗುತ್ತ ಹೋಗಿ ಇನ್ನೇನು ಮುಗಿಯಿತು ಎನ್ನಿಸಿರುತ್ತದೆ. ಅದನ್ನು ಕಟ್ಟಿದವರ ಕಥೆ ನಿಮಗೆ ತಿಳಿದಿರಬಹುದು, ಅವ್ವನಿಗೆ ತಿಳಿದಿಲ್ಲ. ತಂಡವನ್ನು ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬನಾದ ಡ್ರಮ್ಮರ್ ಏಡ್ರಿಯನ್ ಗೆರಾ 2016ರಲ್ಲಿ ತೀರಿಕೊಂಡ. ಹಿಂದಿನ ಆಲ್ಬಂಗಾಗಿ ಆತ ಹಾಡಿ, ಬಳಕೆಯಾಗದೆ ಉಳಿದಿದ್ದ ದನಿಯನ್ನು ಗೆಳೆಯರು ಈ ಹಾಡಿನ ನಡುಭಾಗದಲ್ಲಿ ಕೂಡಿಸಿದರು. ತಮ್ಮನನ್ನು ಕಳೆದುಕೊಂಡ ನೀವು ನೂರಾರು ಹಾಡುಗಳ ನಡುವೆ ಇದಕ್ಕೇ ಬಂದು ನಿಂತಿದ್ದರಲ್ಲಿ ನನಗೆ ಅಚ್ಚರಿಯಿಲ್ಲ.

ಫ್ಯೂನರಲ್ ಡೂಮ್ ಎಂಬ ಈ ಸಂಗೀತ ಪ್ರಕಾರ 1990ರ ದಶಕದ ಮೊದಲ ವರ್ಷಗಳಲ್ಲಿ ಫಿನ್‌ಲೆಂಡಿನ ಥೆರ್ಗೊಥಾನ್, ಸ್ಕೆಪ್ಟಿಸಿಸಂ ಮುಂತಾದ ತಂಡಗಳಿಂದ ರೂಪುಗೊಂಡಿತು. ಹೊಟ್ಟೆಯಾಳದಿಂದ ಬರುವ ಆ ಗುಡುಗಿನಂಥ ದನಿ ಕಿವಿಗೆ ಪರಕೀಯ, ನಿಜ. ಆದರೆ ಅದರ ನಿಧಾನ ನಮ್ಮ ಸೀಮೆಗೆ ಹೊಸದಲ್ಲ. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರ ವಿಲಂಬಿತ ಖ್ಯಾಲನ್ನು ಕುಳಿತು ಕೇಳಿದವರಿಗೆ, ಒಂದೇ ಸ್ವರದ ಮೇಲೆ ದೀರ್ಘವಾಗಿ ನಿಂತಾಗ ಎದೆಯೊಳಗೆ ಏನಾಗುತ್ತದೆ ಎಂಬುದು ಗೊತ್ತು. ಅವಸರದ ಲಯದಲ್ಲಿ ದುಃಖ ಬಾಯಿ ಬಿಡುವುದಿಲ್ಲ. ಸಾವಿನ ಮನೆಯಲ್ಲಿ ಹೆಣದ ಮುಂದೆ ರಾತ್ರಿಯಿಡೀ ಹಾರ್ಮೋನಿಯಂ, ತಾಳ, ದಮ್ಮಡಿ ಹಿಡಿದು ಭಜನಾ ಮಂಡಳಿಯವರು ತತ್ವಪದ ಹಾಡುತ್ತಾರಲ್ಲ, ಅವರು ಮಾಡುವುದೂ ಇದನ್ನೇ: ಬೆಳಗಾಗುವವರೆಗೆ ಆ ಮನೆಯ ಸಂಕಟದೊಡನೆ ಕೂಡುವುದು. ಹಾಗೆ ನೋಡಿದರೆ ಅವ್ವ “ಹೆಣದ ಮುಂದಿನ ಹಾಡು” ಎಂದದ್ದು ಸರಿಯಾಗಿಯೇ ಇದೆ. ಸಂಗೀತದ ಗಂಧವಿಲ್ಲದೆಯೂ ಅವರು ಅದನ್ನು ಒಂದೇ ಸಲಕ್ಕೆ ಗುರುತಿಸಿದರು.

ನಿಮ್ಮ ಮನೆಯಲ್ಲಿ ಏನಾಗಿರಬಹುದೆಂದು ನಾನು ಊಹಿಸಬಲ್ಲೆ. ಹಿರಿಯ ಮಗನೆಂದು ಆಸ್ಪತ್ರೆ, ಪೊಲೀಸ್ ಠಾಣೆ, ಪಂಚನಾಮೆ, ಬಂದವರ ಊಟ ಎಲ್ಲವೂ ನಿಮ್ಮ ಹೆಗಲಿಗೆ ಬಿದ್ದಿರುತ್ತವೆ. ಉಳಿದವರು ಅತ್ತಾಗ ನೀವು ಓಡಾಡಿದಿರಿ. ದಿನಕರ್ಮ ಮುಗಿದ ಮೇಲೆ ಅಳುವುದಕ್ಕೆ ನಿಮಗೆ ಯಾರೂ ಹೊತ್ತು ಕೊಡಲಿಲ್ಲ. ಆ ಹೊತ್ತನ್ನು ಈಗ ಈ ಆಲ್ಬಂ ಕೊಡುತ್ತಿದೆ. ಬೇಗ ಚೇತರಿಸಿಕೊ ಎಂದು ಅದು ನಿಮ್ಮನ್ನು ದೂಡುವುದಿಲ್ಲ, ದೇವರ ಇಚ್ಛೆ ಎಂದು ಬಾಯಿ ಮುಚ್ಚಿಸುವುದಿಲ್ಲ. ಅದರ ಆಕರ್ಷಣೆ ಅಲ್ಲಿದೆ ಎಂದೇ ನನ್ನ ನಂಬಿಕೆ, ಮತ್ತು ಅದು ಆರೋಗ್ಯಕರವಾದ ಆಕರ್ಷಣೆ.

ಆದರೂ ಆಲ್ಬಂಗೆ ನಿಮ್ಮ ತಮ್ಮ ಯಾರೆಂದು ಗೊತ್ತಿಲ್ಲ. ಅವನು ಯಾವುದಕ್ಕೆ ಸಿಟ್ಟಾಗುತ್ತಿದ್ದ, ಊಟದಲ್ಲಿ ಏನನ್ನು ಬದಿಗೆ ಸರಿಸುತ್ತಿದ್ದ ಎಂಬುದು ಗೊತ್ತಿರುವವರು ಅವ್ವ. ಅವರು ಹೆದರಿರುವುದು ಆ ದನಿಗಿಂತ ಹೆಚ್ಚಾಗಿ, ಉಳಿದೊಬ್ಬ ಮಗನೂ ಕೈತಪ್ಪುತ್ತಾನೇನೋ ಎಂಬುದಕ್ಕೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಆದರೆ ಮುಚ್ಚಿಟ್ಟು ಕೇಳಬೇಡಿ. ಗೆಳೆಯ ಸತ್ತ ಮೇಲೆ ಅವನ ದನಿಯನ್ನು ಉಳಿಸಿಕೊಂಡವರ ಹಾಡು ಇದು, ಕೇಳಿದಾಗ ತಮ್ಮ ನೆನಪಾಗಿ ಅಳು ಬರುತ್ತದೆ ಎಂದು ಅವ್ವನಿಗೆ ನಿಮ್ಮ ಮಾತಿನಲ್ಲೇ ಹೇಳಿ. ಹಾಡು ಅವರಿಗೆ ಹಿಡಿಸಬೇಕಾಗಿಲ್ಲ. ಹಾಡು ಮುಗಿದ ಮೇಲೆ ಅಡುಗೆಮನೆಗೆ ಹೋಗಿ ಅವರ ಹತ್ತಿರ ಕುಳಿತು ತಮ್ಮನ ಹೆಸರು ಹಿಡಿದು ಒಂದು ಮಾತಾಡಿ. ಒಂಬತ್ತು ತಿಂಗಳಿಂದ ಆ ಮನೆಯಲ್ಲಿ ಆ ಹೆಸರನ್ನು ಎಲ್ಲರೂ ತಪ್ಪಿಸುತ್ತಿದ್ದಾರೆಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಮಾತನ್ನು ಖಂಡಿತವಾಗಿ ಹೇಳಬೇಕು. ಕೇಳಿ ಮುಗಿಸಿದ ಮೇಲೆ ಮನಸ್ಸು ಸ್ವಲ್ಪ ಹಗುರಾಗಿ ನಿದ್ದೆ ಬರುತ್ತದೆಯೇ, ಬೆಳಗಿನ ಗಾಡಿ ಹಿಡಿದು ಕೆಲಸಕ್ಕೆ ಹೋಗುತ್ತೀರಾ ಎಂಬುದನ್ನು ಗಮನಿಸಿ. ಹಾಗಾಗುತ್ತಿದ್ದರೆ ಚಿಂತೆಯಿಲ್ಲ. ಊಟ, ನಿದ್ದೆ, ಕೆಲಸ ಕೆಡುತ್ತ ಹೋಗಿ, ತಮ್ಮನಿಲ್ಲದ ಬದುಕಿಗೆ ಅರ್ಥವೇ ಇಲ್ಲವೆಂಬ ಭಾವ ಬಿಡದೆ ಕಾಡುತ್ತಿದ್ದರೆ, ಅದು ವೈದ್ಯರು ನೋಡಬೇಕಾದ ಸ್ಥಿತಿ. ಆರು ತಿಂಗಳು ದಾಟಿಯೂ ಹೀಗೆ ದಿನನಿತ್ಯದ ಬದುಕನ್ನು ಕೆಡಿಸುವ ಶೋಕವನ್ನು ವಿಶ್ವ ಆರೋಗ್ಯ ಸಂಸ್ಥೆ ಚಿಕಿತ್ಸೆ ಬೇಕಾದ ತೊಂದರೆಯೆಂದೇ ಪರಿಗಣಿಸಿದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ದೂರವಲ್ಲ. ಸಾಯಬೇಕೆಂಬ ಯೋಚನೆ ಒಂದು ಸಲ ಸುಳಿದರೂ ಆ ರಾತ್ರಿಯೇ ಅವ್ವನನ್ನು ಎಬ್ಬಿಸಿ, ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಕರೆ ಮಾಡಿ. ಅದು ಸರಕಾರದ ಉಚಿತ ಸೇವೆ, ಕನ್ನಡದಲ್ಲೇ ಮಾತಾಡಬಹುದು.

ಮದುವೆಯ ವಿಷಯ. ವರ್ಷದೊಳಗೆ ಆಗಬೇಕೆಂಬ ಹಿರಿಯರ ಆಸೆಯ ಹಿಂದೆ ಮನೆಯಲ್ಲಿ ಮತ್ತೆ ನಗು ಕಾಣಬೇಕೆಂಬ ತವಕವಿದೆ. ಅದನ್ನು ಗೌರವಿಸಿ, ಆದರೆ ನಿಮಗೆ ಮನಸ್ಸಿಲ್ಲದಿದ್ದರೆ ಸೋದರಮಾವನಂಥ ಹಿರಿಯರೊಬ್ಬರ ಮೂಲಕ ಈಗಲೇ ತಿಳಿಸಿ, ಹುಡುಗಿಯ ಕಡೆಯವರು ಮಾತು ಮುಂದುವರಿಸುವ ಮುಂಚೆ. ಮನಸ್ಸಿದ್ದರೆ, ಇಬ್ಬರೇ ಮಾತಾಡಲು ಅವಕಾಶ ಕೇಳಿ. ಮೊದಲು ತಮ್ಮನ ಬಗ್ಗೆ ಹೇಳಿ, ಆಮೇಲೆ ಆಲ್ಬಂ ಬಗ್ಗೆ. ಅವಳು ಕೇಳಿಸೆಂದರೆ ಕೊನೆಯ ಭಾಗದಿಂದ ಆರಂಭಿಸಿ. ಅಲ್ಲಿ ಗುಡುಗು ಕಡಿಮೆ, ಮೆಲುದನಿಯ ಹಾಡುಗಾರಿಕೆಯಿದೆ. ಅವಳ ಮನೆಯಲ್ಲಿ ಯಾರು ತೀರಿಕೊಂಡಿದ್ದಾರೆ, ಅವಳಿಗೆ ಯಾವ ಹಾಡು ಕೇಳಿದರೆ ಅಳು ಬರುತ್ತದೆ ಎಂದು ನೀವೂ ಕೇಳಿ, ಉತ್ತರಕ್ಕೆ ಕಾಯಿರಿ.