ಎರಡೆಕರೆ ಕಾಫಿ ಇರುವವರು ಹಣ್ಣನ್ನು ಸಹಕಾರ ಸಂಘದ ಪಲ್ಪರಿಗೆ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರಕ್ಕೆ) ಕೊಟ್ಟರೆ ಲಾಭವಿದೆಯೇ?

ಲಾಭವಿದೆ, ಆದರೆ ಹಣ್ಣು ಕೊಯ್ದ ದಿನವೇ ಸಂಘವನ್ನು ತಲುಪುವಂತಿದ್ದರೆ ಮಾತ್ರ. 1996ರಲ್ಲಿ ಕಾಫಿ ಮಂಡಳಿಯ ಕಡ್ಡಾಯ ಖರೀದಿ ಕೊನೆಗೊಂಡ ಬಳಿಕ, ತೀರ್ಥಹಳ್ಳಿ, ಕೊಪ್ಪದ ಕಡೆ ಅಡಿಕೆ ತೋಟದ ನಡುವೆ ಒಂದಿಷ್ಟು ಕಾಫಿ ಬೆಳೆಯುವವರು ಹೆಚ್ಚಾಗಿ ವ್ಯಾಪಾರಿ ಹೇಳಿದ ದರಕ್ಕೇ ಒಣಚೆರ್ರಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಹಣ್ಣು, ಮಾರುತ್ತಾರೆ. ಪಲ್ಪರ್, ನೀರಿನ ತೊಟ್ಟಿ, ಸಿಮೆಂಟಿನ ಕಣ ಇವನ್ನೆಲ್ಲ ಒಬ್ಬರೇ ಮಾಡಿಕೊಳ್ಳುವುದು ಅಷ್ಟು ಸಣ್ಣ ಫಸಲಿಗೆ ಗಿಟ್ಟುವುದಿಲ್ಲ, ಸಂಘವಾದರೆ ಆ ಖರ್ಚು ಹಂಚಿಹೋಗುತ್ತದೆ.

ಹಸಿರು ಕಾಯಿಯನ್ನು ಬೇರ್ಪಡಿಸಿಯೇ ಕೊಡಬೇಕು, ಏಕೆಂದರೆ ಅದು ಪಲ್ಪರಿನಲ್ಲಿ ಸರಿಯಾಗಿ ಸುಲಿಯದೆ, ಒಬ್ಬರ ಅಜಾಗರೂಕತೆಯಿಂದ ಎಲ್ಲರ ಸರಕಿನ ರುಚಿಯೂ ಕೆಡುತ್ತದೆ. ಸುಲಿದ ಅರೇಬಿಕಾ ಬೀಜದ ಲೋಳೆ ಸಾಮಾನ್ಯವಾಗಿ 24ರಿಂದ 36 ಗಂಟೆಗಳಲ್ಲಿ ಬಿಡುತ್ತದೆ. ಮುಷ್ಟಿಯಲ್ಲಿ ಹಿಡಿದು ಹಿಸುಕಿದಾಗ ಜಾರದೆ ತರಿತರಿಯಾಗಿ ತಾಗಿದರೆ ತೊಳೆಯಬಹುದು. ಬಳಿಕ ತೇವಾಂಶ ಶೇ. 10ಕ್ಕೆ ಇಳಿಯುವವರೆಗೆ ಒಣಗಿಸಬೇಕು. (ಡಿಸೆಂಬರಿನ ಮೋಡವನ್ನು ನಂಬುವಂತಿಲ್ಲ, ಟಾರ್ಪಾಲು ಕಣದ ಪಕ್ಕದಲ್ಲೇ ಇರಲಿ.)

ಕೊಯ್ಲಿನ ಕೂಲಿಯನ್ನು ವಾರವಾರವೂ ಕೊಡಬೇಕಾಗುವುದರಿಂದ, ಹಣ್ಣು ತೂಗಿದ ದಿನ ಎಷ್ಟು ಮುಂಗಡ ಸಿಗುತ್ತದೆ, ಉಳಿದ ಹಣ ಯಾವಾಗ ಬರುತ್ತದೆ ಎಂಬುದನ್ನು ಸದಸ್ಯರಾಗುವ ಮೊದಲೇ ಸಂಘದಲ್ಲಿ ಕೇಳಿಕೊಳ್ಳಿ.