ಪ್ರತಿಮೆ ಇದ್ದ ಮೇಲೆ ಓಣಿ ಯಾಕೆ?

ಪ್ರಶ್ನೆ: ನಮ್ಮದು ಹಳೆಯ ಪೇಟೆಯ ವಾಡೆ. 1930ರ ಗೋಲಿಬಾರಿನ ದಿನ ಓಡಿಬಂದವರನ್ನು ನಮ್ಮ ಅಟ್ಟದ ಮೇಲೆ ಬಚ್ಚಿಟ್ಟಿದ್ದರೆಂದು ಅತ್ತೆ ಹೇಳುತ್ತಿದ್ದರು. ಈಗ ಓಣಿಯ ವಾಡೆಗಳು ಒಂದೊಂದೇ ಬೀಳುತ್ತಿವೆ. ‘ಹುತಾತ್ಮರ ಪ್ರತಿಮೆ ಇದೆಯಲ್ಲ, ಈ ಮಣ್ಣಿನ ಗೋಡೆ ಯಾಕೆ?’ ಎನ್ನುತ್ತಾನೆ ಮಗ. ಏನು ಹೇಳಲಿ?
– ಓದುಗ ಸೋದರಿ, ಸೊಲ್ಲಾಪುರ

ಉತ್ತರ: ತಂಗೀ, ನಾನು ಇದೇ ಊರಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದವನು. ಪ್ರತಿ ಜನವರಿ 12ಕ್ಕೆ ಮಕ್ಕಳನ್ನು ಪ್ರತಿಮೆಗಳ ಹತ್ತಿರ ಕರೆದೊಯ್ಯುತ್ತಿದ್ದೆ. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ. 1930ರ ಆ ಹೋರಾಟಕ್ಕಾಗಿ 1931ರ ಆ ದಿನ ಪುಣೆಯ ಯರವಡಾ ಜೈಲಿನಲ್ಲಿ ಗಲ್ಲಿಗೇರಿದ ಈ ನಾಲ್ವರ ಹೆಸರು ಎಲ್ಲರಿಗೂ ಬಾಯಿಪಾಠ. ಒಮ್ಮೆ ಒಬ್ಬ ಹುಡುಗಿ, ‘ಸರ್, ಗುಂಡು ಹಾರಿದಾಗ ಜನ ಎಲ್ಲಿಗೆ ಓಡಿದರು?’ ಎಂದಳು. ತೋರಿಸಲು ನನ್ನ ಮುಂದೆ ಏನೂ ಇರಲಿಲ್ಲ. ಅದನ್ನು ತೋರಿಸುವುದು ನಿಮ್ಮ ಅಟ್ಟ.

1930ರಲ್ಲಿ ಗಾಂಧೀಜಿ ಬಂಧನದ ಸುದ್ದಿಗೆ ಊರು ಸಿಡಿದೆದ್ದಿತು. ಮೇ 8ರ ಗೋಲಿಬಾರಿನ ನಂತರ ಕೆಲವು ದಿನ ಸೊಲ್ಲಾಪುರ ಬ್ರಿಟಿಷರ ಕೈಯಲ್ಲೇ ಇರಲಿಲ್ಲ. ಆಮೇಲೆ ಜೂನ್ 30ರವರೆಗೆ ಮಾರ್ಷಲ್ ಲಾ, ಅಂದರೆ ಸೇನೆಯ ಆಡಳಿತ. ಆ ದಿನಗಳನ್ನು ಜನ ಕಳೆದದ್ದು ಚೌಕದಲ್ಲಲ್ಲ, ಅಗುಳಿ ಹಾಕಿದ ಇಂಥ ಬಾಗಿಲುಗಳ ಹಿಂದೆ.

ಐರ್ಲೆಂಡಿನ ಡಬ್ಲಿನ್‌ನಲ್ಲಿ ಮೂರ್ ಸ್ಟ್ರೀಟ್ ಎಂಬ ಸಂತೆಬೀದಿ ಇದೆ. ಬ್ರಿಟಿಷರ ವಿರುದ್ಧ ಎದ್ದ 1916ರ ಬಂಡಾಯಗಾರರು ತಾವು ಹಿಡಿದಿದ್ದ ಅಂಚೆ ಕಚೇರಿ ಹೊತ್ತಿ ಉರಿದಾಗ ಆ ಬೀದಿಗೆ ನುಗ್ಗಿ, ಒಂದು ಮನೆಯಿಂದ ಇನ್ನೊಂದು ಮನೆಗೆ ಗೋಡೆ ಕೊರೆದುಕೊಂಡೇ ಸಾಗಿದರು. ಶರಣಾಗುವ ಮುಂಚಿನ ಕೊನೆಯ ಸಮಾಲೋಚನೆ ನಡೆದದ್ದು 16ನೇ ನಂಬರಿನ ಮನೆಯಲ್ಲಿ. 14ರಿಂದ 17ರವರೆಗಿನ ಮನೆಗಳು 2007ರಲ್ಲಿ ರಾಷ್ಟ್ರೀಯ ಸ್ಮಾರಕವಾದವು. ಬೀದಿಯ ಉಳಿದ ಭಾಗಕ್ಕಾಗಿ ಅಲ್ಲಿಯ ಜನ ಕೋರ್ಟಿನ ಮೆಟ್ಟಿಲನ್ನೂ ಹತ್ತಿದರು. ನಾಲ್ಕು ಮನೆ ಉಳಿಸಿ ಸುತ್ತಲಿನದನ್ನು ಕೆಡವಿದರೆ ಓಡಿದ ದಾರಿಯೇ ಅಳಿಸಿಹೋಗುತ್ತದಲ್ಲ, ಅದು ಅವರ ಸಂಕಟ. ನನ್ನದೂ ಅದೇ.

ಅತ್ತೆಯ ಮಾತನ್ನು ಬಲ್ಲ ಹಿರಿಯರು ಇನ್ನೂ ಇದ್ದರೆ ಈ ವಾರವೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಸಿಟಿ ಸರ್ವೆ ಕಚೇರಿಯಿಂದ ಮನೆಯ ಜಾಗದ ದಾಖಲೆಯಾದ ಪ್ರಾಪರ್ಟಿ ಕಾರ್ಡ್ ತೆಗೆಸಿ. ಅಟ್ಟ, ಕಂಬ, ಬಾಗಿಲುವಾಡಗಳ ಫೋಟೋ ಹಿಡಿಯಿರಿ. ಹೆರಿಟೇಜ್ ಪಟ್ಟಿಗೆ ಸೇರಿಸಿ ಎಂದು ಮಹಾನಗರಪಾಲಿಕೆಗೆ ಅರ್ಜಿ ಕೊಡುವಾಗ ನಿಮ್ಮದೊಂದೇ ಮನೆಯದ್ದು ಬೇಡ, ಇಡೀ ಓಣಿಯದ್ದು ಕೊಡಿ. ಮತ್ತೊಂದು ಮಾತು, ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿಸಬೇಡಿ. ತೇವ ಒಳಗೇ ಉಳಿದು ಗೋಡೆಯನ್ನು ತಿನ್ನುತ್ತದೆ. ಸುಣ್ಣದ ಗಾರೆಯೇ ಸರಿ.

ಅರ್ಜಿ ಮರಾಠಿಯಲ್ಲಿ ಬರೆಯಬೇಕು. ಅದನ್ನು ಮಗನ ಕೈಯಲ್ಲೇ ಬರೆಸಿ, ಅಟ್ಟದ ಮೇಲೆ ಕೂರಿಸಿ.